ಬೆಳೆಯುವುದು ನಿಂತ ಮೇಲೆ

ಮುದುಕರನ್ನು ಪ್ರಶ್ನೆ ಕೇಳಬಾರದು. ಕೇಳಿದರೆ ಉತ್ತರ ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ. ಈ ಲೋಕಜ್ಞಾನ ನನ್ನ ಮೊಮ್ಮಗಳಿಗೆ ಇನ್ನೂ ಬಂದಿಲ್ಲ. ಈಚೆಗೆ ಒಂದು ಭಾನುವಾರ ಬೆಳಗ್ಗೆ ನಾನು ಪತ್ರಿಕೆ ಹಿಡಿದು ಕುಳಿತಿದ್ದಾಗ ಅವಳು ಬಂದು, “ತಾತ, ನಾಳೆ ಟೆಸ್ಟು. ಇದನ್ನ ಒಪ್ಪಿಸ್ತೀನಿ, ತಪ್ಪಿದ್ರೆ ಹೇಳಿ” ಎಂದು ತನ್ನ ನೋಟ್ ಪುಸ್ತಕವನ್ನು ನನ್ನ ಕೈಗಿತ್ತಳು. ಅವಳು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಾಳೆ. ವಿಷಯ, ಕೈಗಾರಿಕಾ ಸೂಕ್ಷ್ಮಜೀವಿ ಶಾಸ್ತ್ರ.

ಪುಟದ ನಡುವೆ ನೆಟ್ಟಗೆ ಒಂದು ಗೆರೆ. ಎಡಗಡೆ ಪ್ರೈಮರಿ ಮೆಟಬೊಲೈಟ್, ಬಲಗಡೆ ಸೆಕೆಂಡರಿ ಮೆಟಬೊಲೈಟ್. ಮೆಟಬೊಲೈಟ್ ಎಂದರೆ ಬೇರೇನಲ್ಲ, ಜೀವಿಯ ಒಡಲೊಳಗಿನ ಅಡಿಗೆಯಲ್ಲಿ ಹುಟ್ಟುವ ಪದಾರ್ಥ. ಎಡಗಡೆಯದು ಜೀವಿ ಬೆಳೆಯುತ್ತಿರುವಾಗ ಹುಟ್ಟುವಂಥದು, ಬದುಕಿಗೆ ಅತ್ಯಗತ್ಯ, ಹೇರಳ. ಬಲಗಡೆಯದು? ನಾನು ಗಟ್ಟಿಯಾಗಿಯೇ ಓದಿದೆ: “ಬೆಳವಣಿಗೆ ನಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ಬದುಕಲು ಅಗತ್ಯವಿಲ್ಲ. ಅಲ್ಪ ಪ್ರಮಾಣ.”

ಅಡಿಗೆಮನೆಯಿಂದ ನಮ್ಮ ಮನೆಯಾಕೆಯ ದನಿ ಬಂತು: “ಯಾರ ವಿಷಯ ಅದು? ನಿಮ್ಮದೇ?”

ಮೊಮ್ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಸುಳ್ಳೇಕೆ ಹೇಳಲಿ, ಮನಸ್ಸಿಗೆ ಸ್ವಲ್ಪ ಚುರುಕ್ಕೆಂದಿತು. ನನಗೆ ಎಪ್ಪತ್ತಾರು ವರ್ಷ. ಈ ವಯಸ್ಸಿನವನು ಬೆಳವಣಿಗೆ ನಿಂತವನೆಂಬುದರಲ್ಲಿ ಸಂದೇಹವಿಲ್ಲ. ಮನೆಯ ಮಟ್ಟಿಗೆ ಅಗತ್ಯವೆಷ್ಟು ಎಂಬುದನ್ನು ವಿಚಾರಿಸದಿರುವುದೇ ಜಾಣತನ. ಅದಕ್ಕಿಂತ ಮುಖ್ಯವಾಗಿ, ಮೂವತ್ತೆರಡು ವರ್ಷ ನನಗೆ ಅನ್ನ ಹಾಕಿದ್ದು ಆ ಬಲಗಡೆಯ ಪಟ್ಟಿ. ಪೆನಿಸಿಲಿನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅನ್ನ ಹಾಕಿದವರನ್ನು ಯಾರಾದರೂ ಎರಡನೆಯ ದರ್ಜೆ ಎಂದರೆ ಸುಮ್ಮನಿರುವುದು ಹೇಗೆ?

“ಕೂತ್ಕೋ ಪುಟ್ಟಿ” ಎಂದೆ. ಪಾಪ, ಕೂತಳು.

ಎಡಗಡೆಯ ಪಟ್ಟಿಯನ್ನು ತಿಳಿಯಲು ಪುಸ್ತಕವೇ ಬೇಡ, ನಮ್ಮ ಅಡಿಗೆಮನೆ ಸಾಕು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಮೊಸರಾಗುತ್ತದೆ. ಹೆಪ್ಪಿನೊಳಗಿನ ಬ್ಯಾಕ್ಟೀರಿಯ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಕ್ಕೆ ಬಿಡುತ್ತದೆ. ಆ ಆಮ್ಲ ಅದರ ಜೀವನೋಪಾಯದ ಒಂದು ಭಾಗ. ಅದನ್ನು ಬಿಡದೆ ಅದಕ್ಕೆ ಬದುಕುವ ಶಕ್ತಿ ಹುಟ್ಟದು. ಬ್ಯಾಕ್ಟೀರಿಯ ಎಷ್ಟು ಬೆಳೆದರೆ ಮೊಸರು ಅಷ್ಟು ಹುಳಿ. ಯೀಸ್ಟು ಮದ್ಯಸಾರವನ್ನು ಮಾಡುವುದೂ ಹೀಗೆಯೇ. 1857ರಲ್ಲಿ ಲೂಯಿ ಪಾಸ್ತರ್ ಹಾಲು ಹುಳಿಯಾಗುವುದು ಜೀವಂತ ಕಣಗಳ ಕೆಲಸವೆಂದು ತೋರಿಸಿದ ಮೇಲೆ, ಈ ಬಾಡಿಗೆಯಿಲ್ಲದ ಆಳುಗಳನ್ನು ದುಡಿಸಿಕೊಳ್ಳುವ ಆಸೆ ಮನುಷ್ಯನಿಗೆ ಬಲವಾಯಿತು.

ದುಡಿಸಿಕೊಂಡದ್ದೂ ಆಯಿತು. ಪೇಟೆಯ ಶರಬತ್ತಿಗೆ ಹುಳಿ ಕೊಡುವ ಸಿಟ್ರಿಕ್ ಆಮ್ಲವನ್ನು ಹಿಂದೆ ನಿಂಬೆಹಣ್ಣಿನಿಂದ ತೆಗೆಯುತ್ತಿದ್ದರು. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕನ್ನನು ಆಸ್ಪರ್ಜಿಲಸ್ ನೈಜರ್ ಎಂಬ ಕರಿಯ ಬೂಷ್ಟು ಸಕ್ಕರೆಯಿಂದಲೇ ಅದನ್ನು ಧಾರಾಳವಾಗಿ ಮಾಡಿಕೊಡುತ್ತದೆಂದು ತೋರಿಸಿದ. 1957ರಲ್ಲಿ ಜಪಾನಿನ ಕಿನೊಶಿತ ಮತ್ತು ಅವರ ಸಂಗಡಿಗರು ಗ್ಲುಟಾಮಿಕ್ ಆಮ್ಲವನ್ನು ಹೊರಚೆಲ್ಲುವ ಬ್ಯಾಕ್ಟೀರಿಯದ ವಿಷಯ ಪ್ರಕಟಿಸಿದರು; ಅಜಿನೊಮೊಟೊ ಎಂದು ಗೋಬಿ ಮಂಚೂರಿಯ ಗಾಡಿಯವನು ಚಿಟಿಕೆ ಹಾಕುವ ಬಿಳಿಯ ಪುಡಿ ಲಕ್ಷಾಂತರ ಟನ್ನುಗಳಲ್ಲಿ ತಯಾರಾಗುವುದು ಆ ವಂಶದವರಿಂದ. ಇವೆಲ್ಲ ಯಾವುದೇ ಜೀವಕೋಶದ ದಿನನಿತ್ಯದ ಲೆಕ್ಕದಲ್ಲಿ ಇರುವ ಪದಾರ್ಥಗಳೇ. ಸ್ವಲ್ಪ ಕೊರತೆ ಮಾಡಿಯೋ ಸ್ವಲ್ಪ ತಂಟೆ ಮಾಡಿಯೋ ಅವನ್ನು ಹೆಚ್ಚಾಗಿ ಸೋರುವಂತೆ ಮಾಡುವುದಷ್ಟೇ ಕಾರ್ಖಾನೆಯವರ ಚಾತುರ್ಯ. ಹಸುವಿಗೆ ಹಾಲು ಹೇಗೋ ಬರುತ್ತದೆ, ಹೆಚ್ಚು ಹಿಂಡಿಕೊಳ್ಳುವವನು ಗೋಪಾಲಕ.

“ಇದು ಗೊತ್ತು ತಾತ” ಎಂದಳು ಮೊಮ್ಮಗಳು.

ಗೊತ್ತಿರಬಹುದು. ಬಲಗಡೆಯ ಮಾತು ಬೇರೆ. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಗೆ ಮನಸೋಲದವರಾರು? ಆ ವಾಸನೆಯ ಮುಖ್ಯ ಭಾಗ ಜಿಯೊಸ್ಮಿನ್ ಎಂಬ ಪದಾರ್ಥ. ಅದನ್ನು ಮಾಡುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ ದೊರೆತದ್ದೂ ಅದೇ ಕುಲದವರಿಂದ. ಕನ್ನಡ ನಾಡಿನವರೇ ಆದ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ, ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಸಂಗಡಿಗರೊಡನೆ ಶೋಧಿಸಿದ ಹ್ಯಾಮೈಸಿನ್ ಎಂಬ ಬೂಷ್ಟುನಾಶಕವೂ ಅದೇ ಕುಲದ್ದು. ಅದನ್ನು ಕೊಡುವ ಜೀವಿಗೆ ಊರಿನ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದು ನಾಮಕರಣ ಮಾಡಿದರು.

ಇವು ಯಾವುವೂ ಆ ಜೀವಿಗಳು ಬೆಳೆಯುವ ಭರದಲ್ಲಿರುವಾಗ ಹುಟ್ಟುವಂಥವಲ್ಲ. ತಿನ್ನಲು ಸಮೃದ್ಧವಾಗಿರುವಷ್ಟು ಕಾಲ ಅವಕ್ಕೆ ಬೆಳೆಯುವುದೊಂದೇ ಧ್ಯಾನ. ಊಟ ಕಡಿಮೆಯಾಯಿತು, ಬೆಳೆಯುವ ವೇಗ ಇಳಿಯಿತು, ಆಗ ಅಲ್ಲಿಯವರೆಗೆ ಸುಳಿವೇ ಇಲ್ಲದ ಒಂದು ಕಸುಬು ಶುರುವಾಗುತ್ತದೆ. ಬುಲಾಕ್ ಎಂಬ ಇಂಗ್ಲಿಷ್ ವಿದ್ವಾಂಸರು 1960ರ ದಶಕದಲ್ಲಿ ಈ ಎರಡು ಘಟ್ಟಗಳಿಗೆ ಗ್ರೀಕ್ ಭಾಷೆಯಿಂದ ಹೆಸರು ಕಟ್ಟಿದರು: ಮೊದಲನೆಯದು ಟ್ರೋಫೊಫೇಸ್, ಎರಡನೆಯದು ಇಡಿಯೊಫೇಸ್. ಟ್ರೋಫೆ ಎಂದರೆ ಪೋಷಣೆ. ಇಡಿಯೊಸ್ ಎಂದರೆ ತನ್ನದೇ ಆದದ್ದು, ಸ್ವಂತದ್ದು. ಮೊದಲ ಘಟ್ಟದಲ್ಲಿ ಎಲ್ಲ ಜೀವಿಗಳೂ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ಎರಡನೆಯದರಲ್ಲಿ ಮಾಡುವುದು ಆಯಾ ಜೀವಿಗೇ ವಿಶಿಷ್ಟವಾದದ್ದು. ಒಂದು ಪೆನಿಸಿಲಿನ್, ಇನ್ನೊಂದು ಮಳೆಯ ವಾಸನೆ.

“ಆದರೆ ಅಗತ್ಯವಿಲ್ಲವಲ್ಲ?” ಎಂದಳು. ಪರೀಕ್ಷೆಯ ದೃಷ್ಟಿಯಿಂದ ಅವಳ ಮಾತು ಸರಿ. ಪೆನಿಸಿಲಿನ್ ಮಾಡಲಾರದ ಬೂಷ್ಟೂ ಬೂಷ್ಟಾಗಿಯೇ ಬೆಳೆಯುತ್ತದೆ. ಹಾಗಾದರೆ ಏಕೆ ಮಾಡುತ್ತದೆ? ನೆರೆಯವರನ್ನು ಓಡಿಸಲು ಎಂದು ಕೆಲವರು, ಸಂದೇಶ ಕಳುಹಿಸಲು ಎಂದು ಕೆಲವರು. ಆ ಮಣ್ಣಿನ ವಾಸನೆಯೂ ಸುಮ್ಮನೆ ಅಲ್ಲವೆಂದು 2020ರಲ್ಲಿ ತಿಳಿಯಿತು. ಅದಕ್ಕೆ ಮರುಳಾಗಿ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಹುಳುಗಳು ಬರುತ್ತವೆ, ಅದರ ಬೀಜಕಣಗಳನ್ನು ಮೈಗೆ ಮೆತ್ತಿಕೊಂಡು ಹೋಗಿ ಬೇರೆ ಕಡೆ ಹರಡುತ್ತವೆ. ಅಗತ್ಯವಿಲ್ಲ ಎಂಬ ಮಾತನ್ನು ಹಗುರವಾಗಿ ಆಡಬಾರದು.

ಅಗತ್ಯ ಯಾರಿಗೆ ಎಂಬುದೂ ಒಂದು ಪ್ರಶ್ನೆಯೇ. ನಮ್ಮ ದೊಡ್ಡಪ್ಪನನ್ನು ನಾನು ನೋಡಿಲ್ಲ. ತೋಟದಲ್ಲಿ ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ, ಜ್ವರ ಏರಿ ಒಂಬತ್ತನೆಯ ದಿನಕ್ಕೆ ತೀರಿಕೊಂಡರಂತೆ. ಅವರಿಗೆ ಆಗ ಇಪ್ಪತ್ತೆರಡು ವರ್ಷ. ಅಜ್ಜಿ ಸಾಯುವತನಕ “ಒಂದು ಮುಳ್ಳು” ಎಂದೇ ಹೇಳುತ್ತಿದ್ದರು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೂ ಹೀಗೆಯೇ ಸಣ್ಣ ಗಾಯದಿಂದ ಮೈಯೆಲ್ಲ ಕೀವಾಗಿತ್ತು. ಫ್ಲೆಮಿಂಗ್ 1928ರಲ್ಲಿ ಕಂಡಿದ್ದ ಬೂಷ್ಟಿನ ರಸದಿಂದ ಫ್ಲೋರಿ ಮತ್ತು ಚೈನ್ ಅವರ ತಂಡ ತೆಗೆದಿದ್ದ ಔಷಧವನ್ನು ಅವನಿಗೆ ಕೊಟ್ಟರು. ಒಂದು ದಿನದಲ್ಲಿ ಜ್ವರ ಇಳಿಯಿತು, ಅವನು ಊಟ ಕೇಳಿದ. ಆದರೆ ಇದ್ದ ಔಷಧವೇ ಇಷ್ಟು. ಅವನ ಮೂತ್ರದಿಂದ ಪೆನಿಸಿಲಿನನ್ನು ಮರಳಿ ತೆಗೆದು ಮತ್ತೆ ಕೊಟ್ಟರು. ಐದು ದಿನಕ್ಕೆ ಅದೂ ಮುಗಿಯಿತು. ಮಾರ್ಚ್ ತಿಂಗಳಲ್ಲಿ ಅವನು ಸತ್ತ. ಮೂಲ ಬೂಷ್ಟು ಕೊಡುತ್ತಿದ್ದುದು ಒಂದು ಲೀಟರಿಗೆ ಒಂದೆರಡು ಮಿಲಿಗ್ರಾಂ. ಅಲ್ಪ ಪ್ರಮಾಣ ಎಂದು ಪುಟ್ಟಿಯ ನೋಟ್ಸಿನಲ್ಲಿದೆಯಲ್ಲ, ಅದರ ಅರ್ಥ ಇದು.

ಆ ಅಲ್ಪವನ್ನು ಹೆಚ್ಚಿಸುವ ಕೆಲಸ ಅಮೆರಿಕದ ಪಿಯೋರಿಯ ಎಂಬ ಊರಿನ ಪ್ರಯೋಗಶಾಲೆಯಲ್ಲಿ ನಡೆಯಿತು. ಅಲ್ಲಿ ಅವರಿಗೆ ತಿಳಿದದ್ದು ವಿಚಿತ್ರ. ಬೂಷ್ಟಿಗೆ ಅದು ಬಹಳ ಇಷ್ಟಪಡುವ ಗ್ಲೂಕೋಸನ್ನು ಕೊಟ್ಟರೆ ಸೊಗಸಾಗಿ ಬೆಳೆಯುತ್ತದೆ, ಪೆನಿಸಿಲಿನ್ ಮಾತ್ರ ಕೊಡುವುದಿಲ್ಲ. ನಿಧಾನವಾಗಿ ಕರಗುವ ಹಾಲುಸಕ್ಕರೆಯನ್ನು ಕೊಟ್ಟು ಅರೆಹೊಟ್ಟೆಯಲ್ಲಿಟ್ಟರೆ ಕೊಡುತ್ತದೆ. 1943ರಲ್ಲಿ ಅದೇ ಊರಿನಲ್ಲಿ ದೊರೆತ ಒಂದು ಕೊಳೆತ ಕರಬೂಜದ ಮೇಲಿನ ಬೂಷ್ಟು ಎಲ್ಲಕ್ಕಿಂತ ಉತ್ತಮವೆನಿಸಿತು. ಅದರ ವಂಶವನ್ನೇ ತಿದ್ದುತ್ತ ತಿದ್ದುತ್ತ ಇಂದು ಲೀಟರಿಗೆ ನಲವತ್ತು ಐವತ್ತು ಗ್ರಾಂ ತನಕ ತೆಗೆಯುತ್ತಾರೆ. ನಾನು ಸಾಕಿದ್ದೂ ಆ ಕರಬೂಜದ ಮೊಮ್ಮಕ್ಕಳನ್ನೇ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಗ್ಲೂಕೋಸಿನ ಮಾತು ಬಾಯಿಗೆ ಬಂದ ಮೇಲೆ ಮುಂದಿನದನ್ನು ನುಂಗಲು ಆಗಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1972ರಲ್ಲಿ, ಊರಿನಿಂದ ಬಹಳ ದೂರ. ಮರಾಠಿ ಗುಜರಾತಿ ಎರಡೂ ಕಿವಿಗೆ ಬೀಳುತ್ತಿದ್ದ ಪಟ್ಟಣ. ಕಾರ್ಖಾನೆಯ ಹೆಸರು ಬೇಡ. ಎರಡು ಮಹಡಿ ಎತ್ತರದ ಉಕ್ಕಿನ ಟ್ಯಾಂಕುಗಳು. ಒಳಗೆ ಗಂಜಿಯಂಥ ದ್ರವ. ಅದನ್ನು ಹಗಲೂ ರಾತ್ರಿ ಕಲಕುವ ಯಂತ್ರ. ಕೆಳಗಿನಿಂದ ಶುದ್ಧ ಗಾಳಿ. ಶಾಖ ಏರಬಾರದು, ನೊರೆ ಉಕ್ಕಬಾರದು, ಹೊರಗಿನ ಒಂದು ಬ್ಯಾಕ್ಟೀರಿಯವೂ ಒಳಗೆ ನುಸುಳಬಾರದು. ಒಂದು ಬ್ಯಾಚು ಮುಗಿಯಲು ವಾರ ಹಿಡಿಯುತ್ತಿತ್ತು. ಆ ವೇಳೆಗೆ ಹಾಲುಸಕ್ಕರೆಯ ಬದಲು ಗ್ಲೂಕೋಸನ್ನೇ ಹನಿ ಹನಿಯಾಗಿ ಬಿಡುವ ಪದ್ಧತಿ ಬಂದಿತ್ತು. ಗಂಟೆಗೆ ಇಷ್ಟು ಎಂದು ಲೆಕ್ಕ. ಆ ವಾಲ್ವನ್ನು ತಿರುಗಿಸುವುದು ಆಪರೇಟರ್ ಕೆಲಸ. ಎಷ್ಟು ಬಿಟ್ಟಿತೆಂದು ಲಾಗ್ ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ.

ನನ್ನ ಪಾಳಿಯ ಆಪರೇಟರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಏಳನೆಯ ತರಗತಿ ಓದಿದವರು. ಟ್ಯಾಂಕಿಗೆ ಕಿವಿಯಿಟ್ಟು, ಒಳಗಿನ ಗಂಜಿ ತೆಳುವೋ ಗಟ್ಟಿಯೋ ಎಂದು ಕಲಕುವ ಸದ್ದಿನಿಂದಲೇ ಹೇಳುತ್ತಿದ್ದರು. ನಾನು ಎಂ.ಎಸ್‌ಸಿ.; ಮೊದಲ ದರ್ಜೆ. ನನ್ನ ಕಿವಿಗೆ ಎಲ್ಲ ಟ್ಯಾಂಕುಗಳೂ ಒಂದೇ ರೀತಿ ಗುಂಯ್ ಎನ್ನುತ್ತಿದ್ದವು.

1974ರ ಚಳಿಗಾಲದ ಒಂದು ರಾತ್ರಿ. ಬ್ಯಾಚಿಗೆ ಎರಡು ದಿನ ತುಂಬುತ್ತಿತ್ತು. ಕಾಕಾ ಚಹಾ ಕುಡಿಯಲು ಕ್ಯಾಂಟೀನಿಗೆ ಹೋಗಿದ್ದರು. ಬೂಷ್ಟಿನ ಬೆಳವಣಿಗೆ ನಿಂತಂತೆ ಕಂಡಿತು. ಆಮ್ಲ ಕಡಿಮೆಯಾಗುತ್ತಿತ್ತು, ಅಂದರೆ ಸಕ್ಕರೆ ಸಾಲದೆ ಹಸಿದಿದೆ ಎಂದು ಅರ್ಥ. ಅದು ಹಸಿದಿರಬೇಕಾದದ್ದೇ ಎಂಬುದು ಪುಸ್ತಕದಲ್ಲಿ ಓದಿದವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅಯ್ಯೋ ಪಾಪ ಎನ್ನಿಸಿತೋ, ನನ್ನ ಪಾಳಿಯಲ್ಲಿ ಬ್ಯಾಚು ಬಡವಾಯಿತೆಂಬ ಹೆಸರು ಬರುತ್ತದೆಂದು ಹೆದರಿದೆನೋ, ಈಗ ಹೇಳಲಾರೆ. ವಾಲ್ವನ್ನು ನಾನೇ ಎರಡು ಸುತ್ತು ತಿರುಗಿಸಿದೆ.

ಬೂಷ್ಟು ಹುಲುಸಾಗಿ ಬೆಳೆಯಿತು. ಬೆಳಗಿನ ಜಾವಕ್ಕೆ ಮಾದರಿ ತೆಗೆದರೆ ರಾಗಿ ಅಂಬಲಿಯಷ್ಟಿದ್ದದ್ದು ಮುದ್ದೆಯ ಹದಕ್ಕೆ ಬಂದಿತ್ತು. ಕಾಕಾ ಟ್ಯಾಂಕಿಗೆ ಕಿವಿಯಿಟ್ಟರು. ವಾಲ್ವಿನ ಕಡೆ ನೋಡಿದರು. ಅಷ್ಟರಲ್ಲಿ ನಾನು ಅದನ್ನು ಮೊದಲಿನಂತೆ ತಿರುಗಿಸಿಟ್ಟಿದ್ದೆ. ಆಮೇಲೆ ನನ್ನ ಕಡೆ ನೋಡಿದರು. ನಾನು ಲಾಗ್ ಬುಕ್ಕಿನಲ್ಲಿ ಬರೆಯುತ್ತಿದ್ದೆ: ಗಂಟೆಗೆ ನಿಗದಿಯಾದಷ್ಟು.

ಪೆನಿಸಿಲಿನ್ ಎಷ್ಟಿದೆಯೆಂದು ತಿಳಿಯಲು ಆಗ ಒಂದು ದಿನ ಕಾಯಬೇಕಾಗಿತ್ತು. ಬ್ಯಾಕ್ಟೀರಿಯ ಬಿತ್ತಿದ ತಟ್ಟೆಯ ಮೇಲೆ ಮಾದರಿಯನ್ನಿಟ್ಟರೆ, ಔಷಧವಿದ್ದಷ್ಟು ಅಗಲಕ್ಕೆ ಬ್ಯಾಕ್ಟೀರಿಯ ಬೆಳೆಯದೆ ತಿಳಿಯಾದ ವೃತ್ತ ಮೂಡುತ್ತದೆ. ಮರುದಿನದ ತಟ್ಟೆಯಲ್ಲಿ ವೃತ್ತ ಒಂದಿಷ್ಟೂ ಅಗಲವಾಗಿರಲಿಲ್ಲ. ಆ ದಟ್ಟಣೆಯಲ್ಲಿ ಗಾಳಿ ಸಾಲದೆ ಬೂಷ್ಟು ಕಂಗೆಟ್ಟಿತ್ತು. ಇನ್ನೆರಡು ದಿನ ನೋಡಿ ಬ್ಯಾಚನ್ನು ಚರಂಡಿಗೆ ಬಿಟ್ಟರು.

ವಿಚಾರಣೆ ನಡೆಯಿತು. ಲಾಗ್ ಬುಕ್ಕಿನಲ್ಲಿ ಲೆಕ್ಕ ಸರಿಯಾಗಿದೆ. ಸಕ್ಕರೆಯ ತೊಟ್ಟಿಯಲ್ಲಿ ಮಾತ್ರ ಸಕ್ಕರೆ ಕಡಿಮೆಯಾಗಿದೆ. ಹಾಗಾದರೆ ವಾಲ್ವನ್ನು ಸಡಿಲ ಬಿಟ್ಟವನು ಆಪರೇಟರೇ ಅಲ್ಲವೆ? ಕಾಕಾ ಅವರನ್ನು ಕೇಳಿದಾಗ, “ನಾನು ಚಹಾಕ್ಕೆ ಹೋಗಿದ್ದೆ. ಹೋಗುವಾಗ ನೋಡಿಕೊಂಡು ಹೋಗಬೇಕಾಗಿತ್ತು” ಎಂದಷ್ಟೇ ಹೇಳಿದರು. ನನ್ನನ್ನು ಕೇಳಿದಾಗ ನಾನು, ಲಾಗ್ ಬುಕ್ಕಿನಲ್ಲಿ ಇರುವುದೇ ನನ್ನ ಹೇಳಿಕೆ ಎಂದೆ. ಅವರಿಗೆ ಮೆಮೊ ಕೊಟ್ಟರು. ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಹದಿನಾರು ವರ್ಷ ಶುಭ್ರವಾಗಿದ್ದ ಅವರ ಫೈಲಿನಲ್ಲಿ ‘ನಿರ್ಲಕ್ಷ್ಯ’ ಎಂಬ ಒಂದು ಶಬ್ದ ಸೇರಿತು. ಎರಡು ವರ್ಷದ ಮೇಲೆ ಸೂಪರ್ವೈಸರ್ ಜಾಗ ಖಾಲಿಯಾದಾಗ ಆ ಶಬ್ದ ಎದ್ದು ನಿಂತಿತು. ಜಾಗ ಇನ್ನೊಬ್ಬರಿಗೆ ಹೋಯಿತು.

ನನ್ನದು ಆಗ ಖಾಯಂ ಆಗದ ನೌಕರಿ ಎಂಬುದು ನನಗೆ ನಾನೇ ಹೇಳಿಕೊಂಡ ಸಮಾಧಾನ. ಮುಂದೆ ಖಾಯಂ ಆಯಿತು. ಆಗಲಾದರೂ ಹೇಳಬಹುದಿತ್ತು. ಆದರೆ ಆಗ ಮದುವೆ, ಆಮೇಲೆ ಮಗ, ಆಮೇಲೆ ಬಡ್ತಿ, ಆಮೇಲೆ ಬೆಂಗಳೂರಿನಲ್ಲಿ ಸೈಟು. ಬೆಳೆಯುವ ಭರದಲ್ಲಿರುವವನಿಗೆ ಬೇರೆ ಕಸುಬು ನೆನಪಾಗುವುದಿಲ್ಲ.

ಕಾಕಾ 1986ರಲ್ಲಿ ನಿವೃತ್ತರಾದರು. ಮರುವರ್ಷ ಒಂದು ಸಂಜೆ, ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೇ ಅವರ ಮನೆಗೆ ಹೋದೆ. ಅವರು ಮಳೆಯ ವಿಷಯ ಮಾತಾಡಿದರು, ಮೊಮ್ಮಗನ ಶಾಲೆಯ ವಿಷಯ ಮಾತಾಡಿದರು. ನಾನು ಹೂಂಗುಟ್ಟಿದೆ. ಅವರ ಹೆಂಡತಿ ಚಹಾ ತಂದಾಗ ಕಾಕಾ ನಗುತ್ತ, “ಸಾಹೇಬರಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿಯೇ ಹಾಕು. ಅವರ ಕೈ ಮೊದಲಿನಿಂದಲೂ ಧಾರಾಳ” ಎಂದರು.

ನಾನು ಚಹಾ ಕುಡಿದೆ. ಎದ್ದು ಬಂದೆ. ಅವರಿಗೆ ಎಲ್ಲ ಗೊತ್ತು ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಗಿರಬೇಕು. ಆದರೂ ಬಾಯಿ ಬಿಟ್ಟು ಹೇಳಲಿಲ್ಲ. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು. ಹೊರದೇಶದ ಅಗ್ಗದ ಮಾಲಿನ ಎದುರು ನಮ್ಮ ಟ್ಯಾಂಕುಗಳೂ ಒಂದೊಂದಾಗಿ ನಿಂತವು. ಆ ಲಾಗ್ ಬುಕ್ಕು ಯಾವ ರದ್ದಿಯಂಗಡಿ ಸೇರಿತೋ.

ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಅಡಿಗೆಮನೆಯಲ್ಲೂ ಪಾತ್ರೆಯ ಸದ್ದು ನಿಂತಿತ್ತು. ಐವತ್ತು ವರ್ಷ ನಾನು ಆಕೆಗೂ ಇದನ್ನು ಹೇಳಿರಲಿಲ್ಲ.

“ಅವರ ಮನೆಯವರಿಗೆ ಗೊತ್ತಾ ತಾತ?”

“ಇಲ್ಲ ಮಗು. ಕಾಕಾ ಹೇಳುವವರಲ್ಲ.”

“ಹಾಗಿದ್ರೆ ಅವರೆಲ್ಲ ಈಗಲೂ, ಅವರಪ್ಪನೇ ಬ್ಯಾಚ್ ಹಾಳುಮಾಡಿದ್ರು ಅಂತ ಅಂದ್ಕೊಂಡಿರ್ತಾರೆ, ಅಲ್ವಾ?”

ಐವತ್ತು ವರ್ಷ ನಾನು ನನ್ನ ತಪ್ಪನ್ನು ನೆನೆದು ಕೊರಗಿದ್ದೆ. ಈ ಬಗೆಯಲ್ಲಿ ಯೋಚಿಸಿರಲಿಲ್ಲ. ನನ್ನ ಕೊರಗೆಲ್ಲ ನನ್ನ ವಿಷಯವಾಗಿಯೇ ಇತ್ತು. ಇಪ್ಪತ್ತು ವರ್ಷದ ಹುಡುಗಿ ಒಂದು ಪ್ರಶ್ನೆಯಲ್ಲಿ ಅದನ್ನು ತೋರಿಸಿಬಿಟ್ಟಳು. ಮೊದಲ ಸಾಲನ್ನು ಹಿಂದೆಗೆದುಕೊಳ್ಳುತ್ತೇನೆ. ಮುದುಕರನ್ನು ಪ್ರಶ್ನೆ ಕೇಳಬೇಕು.

ಹಳೆಯ ಸಹೋದ್ಯೋಗಿಯೊಬ್ಬರಿಂದ ಕಾಕಾ ಅವರ ಮಗನ ವಿಳಾಸ ಸಿಕ್ಕಿತು. ಅವರೂ ಈಗ ನಿವೃತ್ತರಂತೆ. ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ ಕಾಗದವನ್ನೇ ಬರೆದೆ. ಹಿಂದಿಯಲ್ಲಿ, ಎರಡು ಪುಟ. ಆ ರಾತ್ರಿ ವಾಲ್ವ್ ತಿರುಗಿಸಿದವನು ನಾನು. ಪುಸ್ತಕದಲ್ಲಿ ಸುಳ್ಳು ಬರೆದವನೂ ನಾನು. ನಿಮ್ಮ ತಂದೆಯ ಫೈಲಿನಲ್ಲಿದ್ದ ಆ ಶಬ್ದ ನನ್ನದು. ಇದರಿಂದ ಅವರಿಗೆ ಇನ್‌ಕ್ರಿಮೆಂಟ್ ಮರಳುವುದಿಲ್ಲ, ನನ್ನ ಪಿಂಚಣಿ ಕಡಿಮೆಯಾಗುವುದಿಲ್ಲ. ಬದುಕಲು ಅಗತ್ಯವಿಲ್ಲದ ಕೆಲಸ. ಪ್ರಮಾಣವೂ ಅಲ್ಪ. ಆದರೆ ನನ್ನದೇ ಆದದ್ದು, ಇನ್ನೊಬ್ಬರು ನನಗಾಗಿ ಮಾಡಿಕೊಡಲಾರದ್ದು ಎಂದು ಈಗ ಅನ್ನಿಸುತ್ತದೆ.

ಪುಟ್ಟಿ ಆ ದಿನ ಎದ್ದು ಹೋಗುವ ಮುಂಚೆ, “ಕೊನೆಗೆ ಟೆಸ್ಟಲ್ಲಿ ಏನು ಬರೀಲಿ ತಾತ?” ಎಂದಳು.

“ನೋಟ್ಸಿನಲ್ಲಿ ಇರೋದನ್ನೇ ಬರಿ. ಐದು ಅಂಕ ಯಾಕೆ ಬಿಡ್ತೀಯ?” ಎಂದೆ.

ಐದಕ್ಕೆ ನಾಲ್ಕೂವರೆ ಬಂತಂತೆ. ಕಾಗದಕ್ಕೆ ಇನ್ನೂ ಉತ್ತರ ಬಂದಿಲ್ಲ. ಅಂಚೆಯವನು ಬರುವ ಹೊತ್ತಿಗೆ ನಾನು ಗೇಟಿನ ಬಳಿ ನಿಂತಿರುತ್ತೇನೆ. ನಮ್ಮ ಮನೆಯಾಕೆ ಒಳಗಿನಿಂದ ನೋಡುತ್ತಾಳೆ, ಏನೂ ಹೇಳುವುದಿಲ್ಲ.